ಯಾವ ಶಾಲೆ ಒಳ್ಳೆಯ ಶಾಲೆ?



ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕು? ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. “ಆ ಊರಿನ ಶಾಲೆ ಚೆನ್ನಾಗಿದೆ, ಈ ಊರಿನದು ಅಷ್ಟಕ್ಕಷ್ಟೆ” ಎಂದು ಬಿಡುತ್ತಾರೆ. ಈ ತೀರ್ಪಿಗೆ ಆಧಾರವೇನು? ಒಂದೇ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ? ಇಂದು ಈ ಪ್ರಶ್ನೆಯನ್ನು ವಿಜ್ಞಾನದ ಕಣ್ಣಿನಿಂದ ನೋಡೋಣ.

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಗಂಡಸಿ ಒಂದು ಹೋಬಳಿ. ತೆಂಗು ಮತ್ತು ರಾಗಿಯ ಸೀಮೆ. ಅಲ್ಲಿನ ರೈತರು ಎರಡು ತೆಂಗಿನ ತೋಟಗಳನ್ನು ಹೇಗೆ ಹೋಲಿಸುತ್ತಾರೆ, ಗಮನಿಸಿ. ಬಿದ್ದ ಕಾಯಿಗಳನ್ನಷ್ಟೇ ಎಣಿಸಿ ಯಾರೂ ತೀರ್ಪು ಕೊಡುವುದಿಲ್ಲ. ಮರಕ್ಕೆ ಎಷ್ಟು ವರ್ಷವಾಯಿತು, ಕೊಳವೆಬಾವಿಯ ನೀರೋ ಮಳೆಯ ನೀರೋ, ಮಣ್ಣು ಎಂಥದ್ದು ಎಂದು ಕೇಳುತ್ತಾರೆ. ತೋಟಕ್ಕೆ ಸಲ್ಲುವ ಈ ನ್ಯಾಯ ಶಾಲೆಗೂ ಸಲ್ಲಬೇಕಲ್ಲವೇ?

ಹೋಬಳಿ ಕೇಂದ್ರದ ಶಾಲೆಗೂ ಸುತ್ತಲಿನ ಹಳ್ಳಿಯ ಶಾಲೆಗೂ ಪಠ್ಯಪುಸ್ತಕ ಒಂದೇ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಒಂದೇ. ಆದರೆ ಮಕ್ಕಳ ಸಂಖ್ಯೆ ಒಂದೇ ಅಲ್ಲ. ನಮ್ಮಲ್ಲಿ ಚಿಕ್ಕ ಶಾಲೆಗಳು ಹೆಚ್ಚಾಗಿರುವುದಕ್ಕೆ ಕಾರಣವಿದೆ. ಆರು ವರ್ಷದ ಮಗು ನಡೆದುಹೋಗುವಷ್ಟು ಹತ್ತಿರದಲ್ಲಿ ಶಾಲೆ ಇರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ರೂಪಿಸಿದ ಕೇಂದ್ರ ನಿಯಮಗಳು ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಅದೇ ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳಬೇಕು. ಒಬ್ಬರು ರಜೆ ಹಾಕಿದರೆ ಅಥವಾ ತರಬೇತಿಗೆ ಹೋದರೆ ಐದೂ ತರಗತಿಗಳು ಉಳಿದ ಒಬ್ಬರ ಪಾಲಿಗೆ. ತರಗತಿಗೊಬ್ಬ ಶಿಕ್ಷಕರಿರುವ ದೊಡ್ಡ ಶಾಲೆಯೊಡನೆ ಇದನ್ನು ಹೋಲಿಸುವಾಗ ಈ ವಿಷಯ ಮೊದಲು ತಿಳಿದಿರಬೇಕು.

ಈಗ ಒಂದು ಲೆಕ್ಕ ಮಾಡೋಣ. ಮುಂದೆ ಹೇಳುವ ಅಂಕಿಗಳು ಯಾವ ಊರಿನ ಶಾಲೆಯವೂ ಅಲ್ಲ, ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಚಿಕ್ಕ ಶಾಲೆಯ ಐದನೆಯ ತರಗತಿಯಲ್ಲಿ 8 ಮಕ್ಕಳಿದ್ದಾರೆ. ಅವರಲ್ಲಿ 6 ಮಕ್ಕಳು ಪಾಠವನ್ನು ತಡವರಿಸದೆ ಓದುತ್ತಾರೆ. ಅದು ಶೇಕಡ 75. ಮರುವರ್ಷವೂ 8 ಮಕ್ಕಳು, ಓದುವವರು 4. ಅದು ಶೇಕಡ 50. “ಶಾಲೆ ಕೆಟ್ಟುಹೋಯಿತು” ಎಂದು ಊರೆಲ್ಲ ಮಾತಾಗುತ್ತದೆ. ಬದಲಾದದ್ದು ಎಷ್ಟು? ಇಬ್ಬರು ಮಕ್ಕಳು. ಒಬ್ಬಳಿಗೆ ಆ ವರ್ಷ ಜ್ವರ ಬಂದಿರಬಹುದು, ಇನ್ನೊಬ್ಬನ ತಂದೆತಾಯಿ ಕೂಲಿಗಾಗಿ ಗುಳೆ ಹೋಗಿರಬಹುದು. ಅದೇ ಇಬ್ಬರು 80 ಮಕ್ಕಳ ತರಗತಿಯಲ್ಲಿದ್ದರೆ ವ್ಯತ್ಯಾಸ ಕೇವಲ ಎರಡೂವರೆ ಅಂಶ. ಯಾರ ಗಮನಕ್ಕೂ ಬರುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ರೂಪಾಯಿ ನಾಣ್ಯವನ್ನು 8 ಸಲ ಚಿಮ್ಮಿ, ಎಷ್ಟು ಸಲ ತಲೆ ಬಿತ್ತೆಂದು ಬರೆದುಕೊಳ್ಳಿ. ಹೀಗೆ 100 ಸುತ್ತು ಮಾಡಿದರೆ ಸುಮಾರು 29 ಸುತ್ತುಗಳಲ್ಲಿ ತಲೆಯ ಪ್ರಮಾಣ ಶೇಕಡ 75 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಶೇಕಡ 25 ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಬಳಿಕ ಪ್ರತಿ ಸುತ್ತಿಗೆ 80 ಸಲ ಚಿಮ್ಮಿ ನೋಡಿ. ಅಷ್ಟು ಏರಿಳಿತ ಬಹುಶಃ ಒಂದು ಸಲವೂ ಕಾಣುವುದಿಲ್ಲ. ನಾಣ್ಯ ಮಾತ್ರ ಅದೇ! ಎಣಿಕೆ ನಾಲ್ಕು ಪಟ್ಟಾದರೆ ಸರಾಸರಿಯ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ಈ ನಿಯಮದ ಬೇರು 18ನೆಯ ಶತಮಾನದ ಗಣಿತಜ್ಞ ಅಬ್ರಹಾಂ ದ ಮುವಾವ್ರ್ ಅವರ ಕೆಲಸದಲ್ಲಿದೆ.

ಇದರ ಪರಿಣಾಮವೇನು? ತಾಲ್ಲೂಕಿನ ಶಾಲೆಗಳನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ಬರೆದರೆ ಪಟ್ಟಿಯ ತುದಿಯಲ್ಲೂ ಚಿಕ್ಕ ಶಾಲೆಗಳು, ಬುಡದಲ್ಲೂ ಚಿಕ್ಕ ಶಾಲೆಗಳು ಹೆಚ್ಚಾಗಿ ಕಾಣುತ್ತವೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ 2007ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಶಾಲೆಗಳ ಅಂಕಗಳಿಂದ ಇದನ್ನೇ ತೋರಿಸಿದರು. ಅಲ್ಲಿ ಕೆಲವರು ತುದಿಯನ್ನು ಮಾತ್ರ ನೋಡಿ, ಚಿಕ್ಕ ಶಾಲೆಯೇ ಶ್ರೇಷ್ಠ ಎಂದು ಹಣ ಸುರಿದಿದ್ದರು. ನಮ್ಮಲ್ಲಿ ಬುಡವನ್ನು ಮಾತ್ರ ನೋಡಿ ಚಿಕ್ಕ ಶಾಲೆ ಕೆಟ್ಟದ್ದು ಎನ್ನುವ ಅಪಾಯವಿದೆ. ಒಂದು ವರ್ಷ ಹೆಸರು ಕೆಟ್ಟರೆ ನಾಲ್ವರು ಮಕ್ಕಳು ಬೇರೆ ಕಡೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದಷ್ಟೂ ಅಂಕದ ಏರಿಳಿತ ಹೆಚ್ಚುತ್ತದೆ. ಕೊನೆಗೆ “ಮಕ್ಕಳೇ ಇಲ್ಲ” ಎಂದು ಬಾಗಿಲು ಮುಚ್ಚುವ ಮಾತು ಬರುತ್ತದೆ. ಬಸ್ಸು, ಆಟೋಗೆ ದುಡ್ಡಿಲ್ಲದ ಮನೆಯ ಮಗು ದೂರದ ಊರಿಗೆ ನಡೆಯಬೇಕಾಗುತ್ತದೆ.

ಹಾಗಾದರೆ ಹೋಲಿಕೆಯೇ ಬೇಡವೇ? ಬೇಕು. ಹೋಲಿಸದಿದ್ದರೆ ಕಲಿಯದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಸರಿಯಾಗಿ ಹೋಲಿಸುವ ಮೂರು ದಾರಿಗಳನ್ನು ಹೇಳುತ್ತೇನೆ.

ಮೊದಲನೆಯದು, ಒಂದೇ ವರ್ಷದ ಅಂಕ ಸಾಲದು. ಚಿಕ್ಕ ಶಾಲೆಯಾದರೆ ಮೂರು ನಾಲ್ಕು ವರ್ಷಗಳ ಮಕ್ಕಳನ್ನು ಒಟ್ಟಿಗೆ ಎಣಿಸಿ.

ಎರಡನೆಯದು, ಎಲ್ಲಿಂದ ಹೊರಟರೆಂದು ನೋಡಿ. ಒಂದು ಶಾಲೆಯ 20 ಮಕ್ಕಳಲ್ಲಿ ಜೂನ್‌ನಲ್ಲಿ ಓದಬಲ್ಲವರು 4, ಮಾರ್ಚ್‌ನಲ್ಲಿ 12. ಇನ್ನೊಂದರಲ್ಲಿ ಜೂನ್‌ನಲ್ಲಿ 15, ಮಾರ್ಚ್‌ನಲ್ಲಿ 17. ಮಾರ್ಚ್‌ನ ಅಂಕಿ ನೋಡಿದರೆ ಎರಡನೆಯದು ಮುಂದೆ. ಆದರೆ ಮೊದಲನೆಯ ಶಾಲೆ ಓದಲು ಬಾರದಿದ್ದ 16 ಮಕ್ಕಳಲ್ಲಿ 8 ಮಂದಿಗೆ ಓದು ಕಲಿಸಿದೆ, ಎರಡನೆಯದು 5 ಮಕ್ಕಳಲ್ಲಿ 2 ಮಂದಿಗೆ. ಕಲಿಸಿದ ಕೆಲಸ ಎಲ್ಲಿ ಹೆಚ್ಚು ನಡೆಯಿತು, ನೀವೇ ಹೇಳಿ.

ಮೂರನೆಯದು, ಪರೀಕ್ಷೆಯ ದಿನ ಬಾರದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಕ್ಯಾಮೆರಾ ಹಿಡಿದು ಶಾಲೆಗೆ ಹೋಗುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಪದ್ಯ ಹೇಳುವ ಹುಡುಗಿಯನ್ನು ಮುಂದೆ ನಿಲ್ಲಿಸುತ್ತಾರೆ, ಕೊನೆಯ ಸಾಲಿನ ಹುಡುಗ ಚಿತ್ರದಲ್ಲಿ ಬರುವುದೇ ಇಲ್ಲ. ‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಮಕ್ಕಳನ್ನು ಶಾಲೆಯಲ್ಲಲ್ಲ, ಮನೆಯಲ್ಲಿ ಭೇಟಿ ಮಾಡುವುದು ಈ ಕಾರಣಕ್ಕೇ. ಎರಡನೆಯ ತರಗತಿ ಮಟ್ಟದ ಒಂದು ಕಥೆ ಓದಿಸುತ್ತಾರೆ, ಕಳೆಯುವ ಮತ್ತು ಭಾಗಿಸುವ ಲೆಕ್ಕ ಕೊಡುತ್ತಾರೆ. ಆದರೆ ಒಂದು ಜಿಲ್ಲೆಯಿಂದ ಆರಿಸುವುದು 30 ಹಳ್ಳಿ, ಹಳ್ಳಿಗೆ 20 ಮನೆ. ಆದ್ದರಿಂದ ಅದು ಜಿಲ್ಲೆಯ ಸ್ಥಿತಿ ಹೇಳಬಲ್ಲದೇ ಹೊರತು ಗಂಡಸಿಯ ಶಾಲೆ ಹೇಗಿದೆ ಎಂದು ಹೇಳಲಾರದು. ಪ್ರತಿ ಶಾಲೆಯ ಕೊಠಡಿ, ಶೌಚಾಲಯ, ಶಿಕ್ಷಕರ ಸಂಖ್ಯೆ ‘ಯು-ಡೈಸ್’ ಮಾಹಿತಿಯಲ್ಲಿ ಸಿಗುತ್ತದೆ. ಆದರೆ ಕೊಠಡಿ ಎಣಿಸಿದರೆ ಓದು ಎಣಿಸಿದಂತಾಗುವುದಿಲ್ಲ. ಎರಡೂ ಬೇಕು.

ಇನ್ನು ಹೋಲಿಕೆಯ ಉದ್ದೇಶ. ಇಲ್ಲಿ ಕರ್ನಾಟಕದ್ದೇ ಒಂದು ಒಳ್ಳೆಯ ನಿದರ್ಶನವಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಶಿಕ್ಷಕರು ಹಿಂತಿರುಗಿ ತಮ್ಮ ಶಾಲೆಗಳಿಗೆ ಒಗ್ಗುವಂತೆ ಕಾರ್ಡುಗಳನ್ನು ರಚಿಸಿಕೊಂಡರು. ಅದೇ ‘ನಲಿ-ಕಲಿ’. ಯುನಿಸೆಫ್ ನೆರವು ನೀಡಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಆ ಶಿಕ್ಷಕರೂ ಹೋಲಿಸಿದರು. ಆದರೆ ಅವರು ಕೇಳಿದ್ದು “ಯಾರು ಮೇಲು?” ಎಂದಲ್ಲ, “ಅವರು ಹೇಗೆ ಮಾಡುತ್ತಾರೆ?” ಎಂದು. ಒಂದು ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಸೇರುವ ಅಕ್ಕಪಕ್ಕದ ಊರಿನ ಶಿಕ್ಷಕರೂ ಪರಸ್ಪರ ಕೇಳಬೇಕಾದ ಪ್ರಶ್ನೆ ಇದೇ.

ಮಿತ್ರರೇ, ನಿಮ್ಮ ಹೋಬಳಿಯಲ್ಲಿ ಈ ಕೆಲಸವನ್ನು ನೀವೂ ಮಾಡಬಹುದು. ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯವರ ಒಪ್ಪಿಗೆ ಪಡೆದು ನೀವು ಓದಿದ ಪ್ರಾಥಮಿಕ ಶಾಲೆಗೆ ಹೋಗಿ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ. ಬಾರದ ಮಕ್ಕಳ ಮನೆಗೂ ಹೋಗಿ. ಮಕ್ಕಳ ಹೆಸರನ್ನು ಎಲ್ಲೂ ಪ್ರಕಟಿಸಬೇಡಿ. ಲೆಕ್ಕ ಮುಗಿದ ಮೇಲೆ ಅದನ್ನು ಶಿಕ್ಷಕರ ಕೈಗೆ ಕೊಟ್ಟು, ಓದಲು ಕಷ್ಟಪಡುವ ಮಕ್ಕಳ ಜೊತೆ ವಾರಕ್ಕೊಂದು ಸಂಜೆ ಕುಳಿತು ಓದಿ.