ಕಣೆ ನೊಣದ ಮನೆ

ಮುಂಗಾರಿನ ಮೋಡ ಕವಿದು ಜಿನುಗು ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಒಮ್ಮೊಮ್ಮೆ ಹಸಿರು ತೆಂಡೆಗಳ ನಡುವೆ ಈರುಳ್ಳಿ ಗರಿಯಂಥ ಪೊಳ್ಳು ಕೊಳವೆಗಳು ಬೆಳ್ಳಗೆ ಎದ್ದಿರುತ್ತವೆ. ಆ ತೆಂಡೆಯಲ್ಲಿ ಇನ್ನು ತೆನೆ ಹೊರಡದು.

ಇದು ಕಣೆ ನೊಣದ ಕೆಲಸ. ನೋಡಲು ಸೊಳ್ಳೆಯಷ್ಟೇ ಪುಟ್ಟದು, ಹೆಣ್ಣಿನ ಹೊಟ್ಟೆ ಕೆಂಪು. ಬದುಕುವುದು ಎರಡು ಮೂರು ದಿನ. ಅಷ್ಟರಲ್ಲೇ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆಯೊಡೆದ ಮರಿಹುಳು ಎಲೆಕವಚದ ತೇವದಲ್ಲೇ ತೆವಳಿಕೊಂಡು ಸುಳಿಯ ಬುಡ ಸೇರುತ್ತದೆ. ತೇವವಿಲ್ಲದಿದ್ದರೆ ಅಲ್ಲಿಗೆ ತಲುಪುವುದೇ ಇಲ್ಲ. ಈ ನೊಣಕ್ಕೆ ಮೋಡದ ದಿನಗಳು ಹಿತವೆನಿಸುವುದು ಅದಕ್ಕೇ.

ಮುಂದಿನದು ನನ್ನನ್ನು ಬೆರಗುಗೊಳಿಸುತ್ತದೆ. ಹುಳು ಗೂಡು ಕಟ್ಟುವುದಿಲ್ಲ, ಗಿಡದ ಕೈಯಲ್ಲೇ ಕಟ್ಟಿಸುತ್ತದೆ. ಅದರ ಜೊಲ್ಲು ತಾಗಿದ ಸುಳಿ ಎಲೆಯಾಗುವುದನ್ನು ಬಿಟ್ಟು ಕೊಳವೆಯಾಗಿ ಬೆಳೆಯುತ್ತದೆ, ಒಳಗೋಡೆಯ ಜೀವಕೋಶಗಳು ಹುಳುವಿಗೆ ಆಹಾರ ಒದಗಿಸುತ್ತವೆ. ಕೊಳವೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಹುಳು ಕೋಶಾವಸ್ಥೆಗೆ ಬಂದಿರುತ್ತದೆ. ಕೊನೆಗೆ ಆ ಕೋಶವೇ ತುದಿಯವರೆಗೆ ಮೇಲೇರಿ, ತನ್ನ ಮುಳ್ಳುಗಳಿಂದ ತೂತು ಕೊರೆದು ನೊಣಕ್ಕೆ ದಾರಿ ಮಾಡಿಕೊಡುತ್ತದೆ. ಖಾಲಿ ಪೊರೆ ಆ ತೂತಿನಲ್ಲೇ ನೇತಾಡುತ್ತಿರುತ್ತದೆ.

ಗಿಡವೂ ಸುಮ್ಮನೆ ಕೂರುವುದಿಲ್ಲ. ಕೆಲವು ತಳಿಗಳು ಹುಳು ಕಚ್ಚಿದ ಜಾಗದ ಅಂಗಾಂಶವನ್ನೇ ಸಾಯಿಸಿ ಹುಳುವನ್ನು ಉಪವಾಸ ಕೆಡವುತ್ತವೆ. ಅಂಥ ರಕ್ಷಣೆ ಕೊಡುವ ಹತ್ತಕ್ಕೂ ಹೆಚ್ಚು ವಂಶವಾಹಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ನೊಣವೂ ಬದಲಾಗುತ್ತದೆ. 1980ರ ದಶಕದಲ್ಲಿ ಆಂಧ್ರದ ಶ್ರೀಕಾಕುಳಂ ಭಾಗದಲ್ಲಿ, ಅದುವರೆಗೆ ತಡೆದುಕೊಂಡಿದ್ದ ಫಲ್ಗುಣ ತಳಿಯನ್ನೂ ಅದು ಮಣಿಸಿತು. ಭಾರತದಲ್ಲಿ ಈಗ ಈ ನೊಣದ 7 ಜೈವಿಕ ಬಗೆಗಳು ದಾಖಲಾಗಿವೆ. ಊರಿಗೆ ಊರೇ ಒಂದೇ ತಳಿ ನೆಚ್ಚಿದಾಗ ಅದನ್ನು ದಾಟಬಲ್ಲ ನೊಣಗಳೇ ಉಳಿದು ಸಂತಾನ ಬೆಳೆಸುತ್ತವೆ. ಆದ್ದರಿಂದ ಊರಿನಲ್ಲಿ ನಾಲ್ಕಾರು ಬಗೆಯ ಭತ್ತ ಇರಲಿ ಎಂದು ನಾನು ಆಸೆಪಡುತ್ತೇನೆ.

ರೈತನ ಪರವಾಗಿ ದುಡಿಯುವ ಇನ್ನೊಂದು ಜೀವವೂ ಅಲ್ಲಿದೆ. ಪ್ಲಾಟಿಗ್ಯಾಸ್ಟರ್ ಎಂಬ ಕಣದಂಥ ಕಣಜ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಆ ಒಂದೇ ಮೊಟ್ಟೆ ಒಡೆದು ಹಲವು ಭ್ರೂಣಗಳಾಗುತ್ತದೆ. ನೊಣದ ಹುಳು ಬೆಳೆದಂತೆ ಅವೂ ಬೆಳೆದು, ಕೊನೆಗೆ ಕೊಳವೆಯಿಂದ ನೊಣದ ಬದಲು ಕಣಜಗಳ ಗುಂಪು ಹೊರಬರುತ್ತದೆ. ಬೆಳ್ಳಿ ಕೊಳವೆ ಕಂಡ ಗಾಬರಿಯಲ್ಲಿ ಔಷಧಿ ಹೊಡೆದರೆ, ಆ ತೆಂಡೆಯ ತೆನೆ ಮರಳುವುದಿಲ್ಲ, ಸಾಯುವುದು ಈ ಕಣಜ.