ವಿಶ್ವನಾಥ್ 41.93, ದ್ರಾವಿಡ್ 52.31: ಆವರೇಜ್ ಹೇಳೋದೇನು, ಹೇಳದೇ ಬಿಡೋದೇನು?

ನಾನು ನೆಲಮಂಗಲದವನು. ಇಲ್ಲಿ, ಮತ್ತೆ ತ್ಯಾಮಗೊಂಡ್ಲು, ದಾಬಸ್‌ಪೇಟೆ ಕಡೆ ಭಾನುವಾರ ನಡೆಯೋ ಟೂರ್ನಮೆಂಟ್‌ಗಳಲ್ಲಿ ಸ್ಕೋರ್ ಬರೀತೀನಿ. ಈಗ ಸ್ಕೋರ್ ಬುಕ್ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿದೆ. ಮ್ಯಾಚ್ ಮುಗಿದ ತಕ್ಷಣ ಹುಡುಗರು ಕೇಳೋದು ಒಂದೇ: ‘ಅಣ್ಣಾ, ನನ್ನ ಆವರೇಜ್ ಎಷ್ಟಾಯ್ತು?’

ಕೇಳೋದು ತಪ್ಪಲ್ಲ. ಆದರೆ ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಹುಡುಗರು ‘ನಂದು ಬರೀ 22, ಕ್ರಿಕೆಟ್ ನನಗಾಗಲ್ಲ’ ಅಂತ ಕಿಟ್ ಮೂಲೆಗೆ ಹಾಕೋದನ್ನ ನೋಡಿದ್ದೀನಿ. ಅಷ್ಟು ದೊಡ್ಡ ತೀರ್ಮಾನ ಮಾಡೋ ಮುಂಚೆ ಆ ನಂಬರ್ ಏನನ್ನ ಎಣಿಸುತ್ತೆ, ಏನನ್ನ ಎಣಿಸಲ್ಲ ಅಂತ ಗೊತ್ತಿರಬೇಕಲ್ವಾ? ಇವತ್ತಿನ ಮಾತು ಅದೇ.

ಲೆಕ್ಕ ಸುಲಭ. ಹೊಡೆದ ಒಟ್ಟು ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸಬೇಕು. ಗಮನಿಸಿ, ಆಡಿದ ಇನಿಂಗ್ಸ್‌ನಿಂದ ಅಲ್ಲ, ಔಟಾದ ಸಂಖ್ಯೆಯಿಂದ. ಉದಾಹರಣೆಗೆ ಇಬ್ಬರು ಹುಡುಗರು 10 ಇನಿಂಗ್ಸ್‌ನಲ್ಲಿ ತಲಾ 300 ರನ್ ಹೊಡೆದಿದ್ದಾರೆ ಅಂತಿಟ್ಕೊಳ್ಳಿ. ಒಬ್ಬ ಓಪನರ್, ಹತ್ತು ಸಲವೂ ಔಟ್. ಅವನ ಆವರೇಜ್ 30. ಇನ್ನೊಬ್ಬ ಆರನೇ ಕ್ರಮಾಂಕದಲ್ಲಿ ಬಂದು ಐದು ಸಲ ನಾಟ್‌ಔಟ್. ಅವನದು 60. ರನ್ ಅಷ್ಟೇ, ಇನಿಂಗ್ಸ್ ಅಷ್ಟೇ, ಆವರೇಜ್ ಮಾತ್ರ ಡಬಲ್! ಎರಡನೆಯವನು ಕಮ್ಮಿ ಆಟಗಾರ ಅಂತಲ್ಲ. ಇಬ್ಬರ ಕೆಲಸವೇ ಬೇರೆ ಬೇರೆ, ಆ ವ್ಯತ್ಯಾಸ ನಂಬರಿನಲ್ಲಿ ಕಾಣಲ್ಲ.

ಈಗ ನಮ್ಮ ಕರ್ನಾಟಕದ ಇಬ್ಬರು ದೊಡ್ಡವರನ್ನ ತಗೊಳ್ಳೋಣ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 91 ಟೆಸ್ಟ್ ಆಡಿ 6,080 ರನ್ ಹೊಡೆದರು. ಆವರೇಜ್ 41.93. ರಾಹುಲ್ ದ್ರಾವಿಡ್ 164 ಟೆಸ್ಟ್, 13,288 ರನ್, ಆವರೇಜ್ 52.31. ಆ್ಯಪ್ ಕೇಳಿದರೆ ಚರ್ಚೆ ಅಲ್ಲಿಗೇ ಮುಗೀತು. ಆದರೆ ನಿಜವಾಗ್ಲೂ ಮುಗೀತಾ?

1969ರಲ್ಲಿ ಕಾನ್ಪುರದಲ್ಲಿ, ಆಸ್ಟ್ರೇಲಿಯಾ ವಿರುದ್ಧ ವಿಶ್ವನಾಥ್ ಅವರ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಅವತ್ತು ಆ್ಯಪ್ ಇದ್ದಿದ್ದರೆ 0.00 ಅಂತ ತೋರಿಸ್ತಿತ್ತು. ಎರಡನೇ ಇನಿಂಗ್ಸ್‌ನಲ್ಲಿ 137. ಈಗ 68.50. ಎರಡೂ ಅವರ ನಿಜವಾದ ಆವರೇಜ್ ಅಲ್ಲ. 41.93 ಅನ್ನೋದು 155 ಇನಿಂಗ್ಸ್ ಆಡಿದ ಮೇಲೆ ಉಳಿದ ಸಂಖ್ಯೆ. ಎಂಟು ಹತ್ತು ಮ್ಯಾಚಿನ ಆವರೇಜ್ ಒಂದೇ ಇನಿಂಗ್ಸ್‌ಗೆ ತಲೆಕೆಳಗಾಗುತ್ತೆ.

ಇನ್ನೊಂದು ನೋಡಿ. 1975ರ ಜನವರಿ, ಮದ್ರಾಸಿನ ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧ. ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಮಿಕ್ಕವರೆಲ್ಲ ಸೇರಿ, ಎಕ್ಸ್‌ಟ್ರಾ ಕೂಡಿಸಿದರೂ 93. ಆ ಟೆಸ್ಟನ್ನು ಭಾರತ 100 ರನ್ನಿಂದ ಗೆದ್ದಿತು. ಆದರೆ ಅವರ 14 ಶತಕಗಳ ಪಟ್ಟಿಯಲ್ಲಿ ಈ ಇನಿಂಗ್ಸ್ ಸಿಗಲ್ಲ. ಅದಕ್ಕೇ ನಾನು ಹೇಳೋದು, ರನ್ ಎಷ್ಟು ಅನ್ನೋದರ ಜೊತೆಗೆ ತಂಡದ ಮೊತ್ತದಲ್ಲಿ ಪಾಲೆಷ್ಟು ಅಂತಲೂ ನೋಡಿ.

ವಿಶ್ವನಾಥ್ ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ ಅನ್ನೋ ಮಾತು ಕೇಳಿರ್ತೀರ. ನಿಜಾನೇ, 4 ಗೆಲುವು, 10 ಡ್ರಾ. ಹಾಗಂತ ಇದನ್ನೇ ಅಳತೆಗೋಲು ಮಾಡ್ಕೊಳ್ಳೋಕಾಗಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ದ್ರಾವಿಡ್ ಮೂರು ಶತಕ ಹೊಡೆದರು. ಓವಲ್‌ನಲ್ಲಿ ಓಪನಿಂಗ್ ಬಂದು, ಇಡೀ ತಂಡ ಆಲೌಟಾದರೂ ತಾವು ಔಟಾಗದೆ 146. ಆದರೂ ಭಾರತ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಿತು. ಸೋಲು ಗೆಲುವು ಹನ್ನೊಂದು ಜನರದ್ದು.

ಈ ತಲೆನೋವು ಅಮೆರಿಕದ ಬೇಸ್‌ಬಾಲ್‌ನವರಿಗೂ ಇತ್ತು. ಅಲ್ಲಿ ಬ್ಯಾಟಿಂಗ್ ಆವರೇಜ್ ಅಂದರೆ, ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಸಲ ಹೊಡೆದು ಬೇಸ್ ತಲುಪಿದ ಅನ್ನೋದು. ಟೆಡ್ ವಿಲಿಯಮ್ಸ್ ಅವರ ಇಡೀ ವೃತ್ತಿಜೀವನದ ಆವರೇಜ್ 0.344. ಆದರೆ ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿ, ಬ್ಯಾಟರ್ ತಾಳ್ಮೆಯಿಂದ ಬಿಟ್ಟರೆ, ಅವನಿಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತೆ. ಇದನ್ನ ‘ವಾಕ್’ ಅಂತಾರೆ. ಹಳೇ ಆವರೇಜಿನಲ್ಲಿ ಈ ವಾಕ್‌ಗೆ ಲೆಕ್ಕವೇ ಇಲ್ಲ. ಅದನ್ನೂ ಸೇರಿಸಿದ ಅಳತೆಯಲ್ಲಿ ವಿಲಿಯಮ್ಸ್ ಅವರದು 0.482. ಅಂದರೆ ಹೆಚ್ಚುಕಮ್ಮಿ ಎರಡು ಸಲಕ್ಕೊಮ್ಮೆ ಬೇಸ್ ಮೇಲೆ! ಹೊಡೆಯದೇ ಬಿಟ್ಟಿದ್ದಕ್ಕೂ ಅಲ್ಲಿ ಬೆಲೆ ಬಂತು.

ನಮ್ಮಲ್ಲಿ ಅಂಥದ್ದೊಂದು ಅಂಕಿ ದ್ರಾವಿಡ್ ಅವರದ್ದು: 31,258. ಟೆಸ್ಟಿನಲ್ಲಿ ಅವರು ಎದುರಿಸಿದ ಎಸೆತಗಳು. ಟೆಸ್ಟಿಗೆ ಸರಾಸರಿ 190. ಅವರು ಬಾಲ್ ಹಳೇದು ಮಾಡಿಕೊಟ್ಟ ಮೇಲೆ ಬಂದವರ ರನ್ನು ಅವರವರ ಖಾತೆಗೆ ಹೋಯ್ತು, ದ್ರಾವಿಡ್ ಆವರೇಜಿಗೆ ಅಲ್ಲ.

ಬೇಸ್‌ಬಾಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆ ಕಾಲದ ಲೀಗ್ ಆಟಗಾರರ ಸರಾಸರಿಯನ್ನ 100 ಅಂತ ಇಟ್ಕೊಂಡು, ಮೈದಾನದ ಗುಣವನ್ನೂ ಲೆಕ್ಕಕ್ಕೆ ತಗೊಂಡು ಅಳೀತಾರೆ. 130 ಬಂದರೆ ಸಾಮಾನ್ಯಕ್ಕಿಂತ ಶೇ 30 ಮೇಲು. ನಮ್ಮ ಭಾನುವಾರದ ಮೈದಾನಕ್ಕೂ ಇದು ಬೇಕು. ಒಂದು ಕಡೆ ಬೌಂಡರಿ ನಲವತ್ತೇ ಮೀಟರ್ ಇರೋ ಕಡೆ ಹೊಡೆದ 50, ದೊಡ್ಡ ಮೈದಾನದಲ್ಲಿ ಮ್ಯಾಟ್ ಮೇಲೆ ಹೊಡೆದ 30, ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಹಾಗಾಗಿ ಒಂದು ಸಣ್ಣ ಕೆಲಸ ಮಾಡಿ. ಆ್ಯಪ್ ಇರಲಿ, ಜೊತೆಗೊಂದು ನೋಟ್‌ಬುಕ್ ಇಟ್ಕೊಳ್ಳಿ. ಪ್ರತಿ ಇನಿಂಗ್ಸ್‌ಗೂ ನಾಲ್ಕು ವಿಷಯ ಬರೀರಿ: ಎಷ್ಟು ಎಸೆತ ಆಡಿದೆ, ತಂಡದ ಮೊತ್ತದಲ್ಲಿ ನನ್ನ ಪಾಲೆಷ್ಟು, ಅದೇ ಮ್ಯಾಚಿನಲ್ಲಿ ಉಳಿದ ಬ್ಯಾಟರ್‌ಗಳು ತಲಾ ಎಷ್ಟು ಹೊಡೆದರು, ಹೇಗೆ ಔಟಾದೆ. ಕಮ್ಮಿ ಅಂದರೂ 30 ಇನಿಂಗ್ಸ್ ತುಂಬಲಿ. ಆಮೇಲೆ ಆ 22 ನೋಡಿ. ಎಲ್ಲರೂ 12 ಹೊಡೆಯೋ ಪಿಚ್‌ಗಳಲ್ಲಿ ನಿಮ್ಮದು 22 ಆಗಿದ್ದರೆ, ಕಿಟ್ ಮೂಲೆಗೆ ಹಾಕಬೇಡಿ.