ಬೋಸಪಾಡಾ ಓಣಿಯ ಭಗಿನಿ



ದೂರದೇಶದಿಂದ ಬಂದು ಭರತಖಂಡದಲ್ಲಿ ನೆಲೆಸಿ ಇಲ್ಲಿಯೇ ದೇಹವಿಟ್ಟವರನ್ನು ಸ್ಮರಿಸುವಾಗ ಅವರ ವಿದ್ಯೆಯನ್ನೂ ಕೀರ್ತಿಯನ್ನೂ ಹೊಗಳುವುದು ವಾಡಿಕೆಯು. ಭಗಿನಿ ನಿವೇದಿತೆಯ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಆಕೆಯು ವಿವೇಕಾನಂದಸ್ವಾಮಿಗಳ ಶಿಷ್ಯೆಯು, ಗ್ರಂಥಕರ್ತ್ರಿಯು, ದೇಶಾಭಿಮಾನಿನಿಯು ಎಂಬುದನ್ನು ಕೇಳದವರಿಲ್ಲ. ಆದರೆ 1898ರಿಂದ 1911ರ ವರೆಗೆ, ನಡುನಡುವೆ ಪಶ್ಚಿಮದೇಶಗಳಿಗೆ ಹೋಗಿಬಂದ ಕಾಲವನ್ನು ಬಿಟ್ಟು, ಆಕೆಯು ಕಲ್ಕತ್ತೆಯ ಬಾಗಬಾಜಾರದ ಇಕ್ಕಟ್ಟಾದ ಓಣಿಯೊಂದರಲ್ಲಿ ನಾಲ್ಕು ಮನೆಯವರ ನೆರೆಯವಳಾಗಿ ಬಾಳಿದಳೆಂಬುದನ್ನು ನೆನೆಯುವವರು ವಿರಳ. ಈ ಹೊತ್ತಿನ ಭಾಷಣಕ್ಕೆ ಆ ನೆರೆಹೊರೆಯೇ ವಿಷಯವು.

ಪೂರ್ವವೃತ್ತಾಂತವನ್ನು ಹೇಳಲು ಎರಡು ಮಾತು ಸಾಕು. ಮಾರ್ಗರೆಟ್ ನೋಬಲ್ ಎಂಬ ಹೆಸರಿನಿಂದ ಐರ್ಲಂಡಿನ ಡಂಗ್ಯಾನನ್ ಎಂಬ ಊರಿನಲ್ಲಿ 1867ರ ಅಕ್ಟೋಬರ 28ರಂದು ಹುಟ್ಟಿದ ಈಕೆಯು ಲಂಡನ್ನಿನಲ್ಲಿ ಶಿಕ್ಷಕಿಯಾಗಿರುವಾಗ, 1895ರಲ್ಲಿ, ಸ್ವಾಮಿಗಳ ಉಪದೇಶವನ್ನು ಕೇಳಿದಳು. 1898ರ ಜನವರಿ 28ರಂದು ಕಲ್ಕತ್ತೆಯಲ್ಲಿ ಕಾಲಿಟ್ಟಳು. ಮಾರ್ಚಿ 25ರಂದು ದೀಕ್ಷೆಯೂ ಹೊಸ ಹೆಸರೂ ದೊರೆತವು.

ಹೆಸರು ಬದಲಾದ ಮಾತ್ರಕ್ಕೆ ಓಣಿಯವರು ಬಾಗಿಲು ತೆರೆಯುವರೇ? ಬಾಗಬಾಜಾರವು ಮಡಿವಂತ ಮನೆತನಗಳ ಕೇರಿಯು. ಕ್ರೈಸ್ತಪಾದ್ರಿಯ ಮಗಳಾದ ಪರದೇಶದ ಹೆಂಗಸನ್ನು ನೆರೆಯಲ್ಲಿ ಇರಿಸಿಕೊಳ್ಳುವುದೆಂದರೆ ಮಗಳ ಸಂಬಂಧ, ಮಗನ ಮುಂಜಿವೆ, ಶ್ರಾದ್ಧದ ಪಂಕ್ತಿ ಎಲ್ಲದಕ್ಕೂ ಅಂಜಬೇಕಾದ ಕಾಲವದು. ಈ ಅಂಜಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ಆ ಮನೆಗಳ ಯಜಮಾನಿತಿಯರ ಸ್ಥಾನದಲ್ಲಿ ನಿಂತು ನೋಡಿದರೆ ಅಷ್ಟು ಸುಲಭವಲ್ಲ. ಶ್ರೀಶಾರದಾದೇವಿಯವರು ಆ ವರ್ಷದ ಮಾರ್ಚಿ 17ರಂದು ಈಕೆಯೊಡನೆ ಕುಳಿತು ಆಹಾರವನ್ನು ತೆಗೆದುಕೊಂಡದ್ದು ಸ್ವಾಮಿಗಳಿಗೇ ಆಶ್ಚರ್ಯವನ್ನುಂಟುಮಾಡಿತು. ನವಂಬರದಲ್ಲಿ ದೇವಿಯವರು ತಮ್ಮ ಮನೆಯಲ್ಲಿಯೇ ಕೆಲವು ದಿನ ಆಕೆಗೆ ಇಂಬುಕೊಟ್ಟರು. ಆದರೆ ತನ್ನ ಇರವಿನಿಂದ ಆ ಮನೆಯ ಹೆಂಗಸರಿಗೆ ಬಂಧುಗಳ ಮಾತು ಕೇಳಬೇಕಾದೀತೆಂದು ತಿಳಿದೊಡನೆ ನಿವೇದಿತೆಯು ಅದೇ ಓಣಿಯ 16ನೆಯ ನಂಬರಿನ ಬೇರೊಂದು ಮನೆಗೆ ಹೋದಳು. ಹಗಲೆಲ್ಲ ದೇವಿಯವರ ಬಳಿಗೆ ಹೋಗಿ ಬರುವುದು ಮಾತ್ರ ನಿಲ್ಲಲಿಲ್ಲ. ನವಂಬರ 13ರಂದು, ಕಾಳೀಪೂಜೆಯ ದಿನ, ದೇವಿಯವರೇ ಬಂದು ಆಕೆಯ ಬಾಲಿಕಾಪಾಠಶಾಲೆಯನ್ನು ಆರಂಭಗೊಳಿಸಿದರು.

ಮರುವರ್ಷ ಓಣಿಯವರಿಗೆ ಆಕೆಯ ಪರಿಚಯವು ಬೇರೊಂದು ರೀತಿಯಿಂದ ಆಯಿತು. ಬೆಂಗಳೂರನ್ನೂ ಹುಬ್ಬಳ್ಳಿಯನ್ನೂ ಅದೇ ಕಾಲದಲ್ಲಿ ತಲ್ಲಣಗೊಳಿಸಿದ ಪ್ಲೇಗು ಕಲ್ಕತ್ತೆಯನ್ನೂ ಹೊಕ್ಕಿತು. 1899ರ ಮಾರ್ಚಿಯಲ್ಲಿ ರಾಮಕೃಷ್ಣ ಸಂಘದವರು ಕೈಕೊಂಡ ಸೇವಾಕಾರ್ಯಕ್ಕೆ ಸದಾನಂದಸ್ವಾಮಿಗಳು ಮುಂದಾಳು, ನಿವೇದಿತೆಯು ಕಾರ್ಯದರ್ಶಿನಿ. ಬೀದಿಯನ್ನು ಗುಡಿಸಲು ಜನ ಸಾಲದೆ ಬಂದಾಗ ಆಕೆಯೇ ಕಸಬರಿಗೆಯನ್ನು ಹಿಡಿದಳು. ಅದನ್ನು ಕಂಡು ನಾಚಿದ ಕೇರಿಯ ತರುಣರು ಆಕೆಯ ಕೈಯಿಂದ ಅದನ್ನು ತೆಗೆದುಕೊಂಡರು. ಆ ದಿನಗಳ ಸಂಗತಿಯೊಂದನ್ನು ಡಾಕ್ಟರ ರಾಧಾಗೋವಿಂದ ಕರ್ ಅವರು ಬರೆದಿಟ್ಟಿರುವರು. ಬಾಗಬಾಜಾರದ ಬಾಗ್ದಿಗಳ ಕೇರಿಯಲ್ಲಿ ಒಂದು ಕೂಸಿಗೆ ಬೇನೆ ತಗಲಿತ್ತು. ಹತ್ತಿರ ಹೋಗುವುದು ಅಪಾಯವೆಂದು ಡಾಕ್ಟರರು ನಿವೇದಿತೆಗೆ ಎಚ್ಚರಿಕೆ ಹೇಳಿದರು. ಮಧ್ಯಾಹ್ನದ ಮೇಲೆ ಅವರು ಪುನಃ ಹೋಗಿ ನೋಡಲು, ಆ ಮುರುಕು ಗುಡಿಸಲಿನ ತೇವದ ನೆಲದ ಮೇಲೆ ಆಕೆಯು ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದಳು. ರಾತ್ರಿಹಗಲು ಅಲ್ಲಿಯೇ ಇದ್ದಳು; ಗೋಡೆಗಳಿಗೆ ಸುಣ್ಣ ಬಳಿಯಬೇಕಾದಾಗ ಸಣ್ಣ ಏಣಿಯನ್ನು ತಂದು ತಾನೇ ಬಳಿದಳು. ಜ್ವರದ ಮೈಮರವೆಯಲ್ಲಿ ಕೂಸು ಆಕೆಯನ್ನೇ ತಾಯಿಯೆಂದು ಕರೆಯುತ್ತಿತ್ತು. ಎರಡು ದಿನಗಳ ತರುವಾಯ ಆಕೆಯ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿತು.

ಪಿಡುಗಿನ ಕಾಲದಲ್ಲಿ ಇಂತಹ ಧೈರ್ಯವು ಬೇರೆಯವರಲ್ಲಿಯೂ ತೋರಿಬರುವುದುಂಟು. ಪಿಡುಗು ಹೋದ ಮೇಲೆ, ಹೇಳಿಕೊಳ್ಳುವಂಥಾದ್ದು ಏನೂ ಇಲ್ಲದ ದಿನಗಳಲ್ಲಿ, ನೆರೆಯವರ ಬಾಳನ್ನು ನೆನಪಿನಲ್ಲಿಡುವುದು ಅದಕ್ಕಿಂತ ಕಷ್ಟವು. ಓಣಿಯಲ್ಲಿ ಒಬ್ಬ ಬಾಲವಿಧವೆಯಿದ್ದಳು. ವಂಗದೇಶದಲ್ಲಿ ವಿಧವೆಯರ ಏಕಾದಶಿಯು ಬಹು ಕಠಿಣವಾದ ಉಪವಾಸವು. ಪ್ರತಿ ಏಕಾದಶಿಗೂ ನಿವೇದಿತೆಯು ಆ ಹುಡುಗಿಯನ್ನು ಕರೆಯಿಸಿ ಏನಾದರೂ ತಿನ್ನಲು ಕೊಡುವಳು. ಒಮ್ಮೆ ವಿಜ್ಞಾನಿ ಜಗದೀಶಚಂದ್ರ ವಸು ಅವರ ಮನೆಗೆ ಹೋಗಿರುವಾಗ ಅಂದು ಏಕಾದಶಿಯೆಂಬುದು ಥಟ್ಟನೆ ನೆನಪಾಯಿತು. ಕೂಡಲೆ ಎದ್ದು ಓಣಿಗೆ ಮರಳಿ ಬಂದು, ಹುಡುಗಿಯನ್ನು ಕರೆಯಿಸಿ, ಮರೆತದ್ದಕ್ಕಾಗಿ ಮರುಗುತ್ತ ಆಹಾರವನ್ನು ಕೊಟ್ಟಳು. ಐರ್ಲಂಡಿನಲ್ಲಿ ಹುಟ್ಟಿದವಳಿಗೆ ತಿಥಿಯೆಲ್ಲಿಯದು, ಪಕ್ಷವೆಲ್ಲಿಯದು! ಆ ಹುಡುಗಿಯ ಹಸಿವೆಯೇ ಆಕೆಗೆ ಪಂಚಾಂಗವಾಗಿತ್ತು.

ರಾಮಕೃಷ್ಣ ಪರಮಹಂಸರ ಭಕ್ತೆಯಾದ ವೃದ್ಧ ಬ್ರಾಹ್ಮಣ ವಿಧವೆಯೊಬ್ಬಳನ್ನು ಎಲ್ಲರೂ ‘ಗೋಪಾಲನ ತಾಯಿ’ ಎಂದು ಕರೆಯುತ್ತಿದ್ದರು. ಆಕೆಯ ಆಚಾರವು ಕಟ್ಟುನಿಟ್ಟಾದುದು. ಮೈಯಲ್ಲಿ ಶಕ್ತಿ ಉಡುಗಿದಾಗ ಆಕೆಯನ್ನು ನಿವೇದಿತೆಯು ಅದೇ ಓಣಿಯ 17ನೆಯ ನಂಬರಿನ ತನ್ನ ಮನೆಗೆ ಕರೆತಂದಳು. ಮುದುಕಿಯ ಮಡಿ ಕೆಡದಂತೆ ಸಮೀಪದ ಬ್ರಾಹ್ಮಣ ಕುಟುಂಬದಲ್ಲಿ ಊಟದ ಏರ್ಪಾಡಾಯಿತು: ಮಧ್ಯಾಹ್ನ ಮುದುಕಿಯು ಅಲ್ಲಿಗೆ ಹೋಗಿ ತುತ್ತು ಅನ್ನವನ್ನು ತಿಂದು ಬರುವಳು, ರಾತ್ರಿ ಆ ಮನೆಯವರು ಪೂರಿ ಮೊದಲಾದುದನ್ನು ತಂದುಕೊಡುವರು. ಒಂದೇ ಮಾಡಿನ ಕೆಳಗೆ ಬಾಳಿದ ಇಬ್ಬರಲ್ಲಿ ಒಬ್ಬಳಿಗೆ ಇನ್ನೊಬ್ಬಳ ಕೈಯ ಅನ್ನವು ಸಲ್ಲದು. ಆದರೂ ಕಡೆಗಾಲದ ಆರೈಕೆಗೆ ಆ ಕೈಯೇ ಬೇಕಾಯಿತು. 1906ರ ಜುಲೈಯಲ್ಲಿ ಅಂತ್ಯಕಾಲವು ಸಮೀಪಿಸಲು ಗಂಗಾತೀರಕ್ಕೆ ಒಯ್ಯುವಾಗ ನಿವೇದಿತೆಯು ಹಾಸಿಗೆಯನ್ನು ಹೂಗಳಿಂದ ಅಲಂಕರಿಸಿ, ಬರಿಗಾಲಿನಲ್ಲಿ ಕಣ್ಣೀರು ಸುರಿಸುತ್ತ ಜೊತೆಯಲ್ಲಿ ನಡೆದಳು. ಹೆತ್ತ ಮಗಳು ಮಾಡಬೇಕಾದುದನ್ನು ಪರದೇಶದವಳು ಮಾಡಿದಳು. ಓಣಿಯು ಅದನ್ನು ನೋಡಿತು.

ಆಕೆಯಲ್ಲಿ ಕುಂದಿರಲಿಲ್ಲವೆಂದಲ್ಲ. ಆಕೆಯನ್ನು ಲೋಕಮಾತೆಯೆಂದು ಕರೆದ ರವೀಂದ್ರನಾಥ ಠಾಕೂರರೇ ಆಕೆಯ ಸ್ವಭಾವದ ಬಿರುಸನ್ನೂ ಮರೆಮಾಚದೆ ಬರೆದಿರುವರು. 1904ರಲ್ಲಿ ಅಚ್ಚಾದ ‘ದಿ ವೆಬ್ ಆಫ್ ಇಂಡಿಯನ್ ಲೈಫ್’ ಎಂಬ ಗ್ರಂಥದಲ್ಲಿ ಹಿಂದೂ ಗೃಹಜೀವನವನ್ನು ಆಕೆಯು ಮಿತಿಮೀರಿದ ಪ್ರೀತಿಯಿಂದ ಬಣ್ಣಿಸಿದಳೆಂಬುದೂ ಒಪ್ಪತಕ್ಕ ಮಾತು. ಏಕಾದಶಿಯ ಹಸಿವೆಯನ್ನು ಕಣ್ಣಾರೆ ಕಂಡವಳ ಲೇಖನಿಯು ಆ ವ್ಯವಸ್ಥೆಯನ್ನು ಇನ್ನಷ್ಟು ನಿಷ್ಠುರವಾಗಿ ಪ್ರಶ್ನಿಸಬಹುದಾಗಿತ್ತು. 1902ರಲ್ಲಿ, ಗುರುಗಳು ತೀರಿಕೊಂಡ ಮೇಲೆ, ರಾಜಕೀಯ ಕಾರ್ಯದ ದೆಸೆಯಿಂದ ಆಕೆಯು ಸಂಘದೊಡನೆ ಇದ್ದ ಅಧಿಕೃತ ಸಂಬಂಧವನ್ನು ಬಿಡಬೇಕಾಯಿತು. ಓಣಿಯನ್ನು ಮಾತ್ರ ಬಿಡಲಿಲ್ಲ.

1906ರಲ್ಲಿ ಪೂರ್ವವಂಗದ ಕ್ಷಾಮಪೀಡಿತ ಪ್ರದೇಶದಲ್ಲಿ ತಿರುಗಿ ಬಂದ ಬಳಿಕ ಮಲೇರಿಯಾದಿಂದ ಆಕೆಯ ದೇಹವು ಜರ್ಜರಿತವಾಯಿತು. 1911ರ ಶರತ್ಕಾಲದಲ್ಲಿ ವಸು ದಂಪತಿಗಳೊಡನೆ ದಾರ್ಜಿಲಿಂಗಿಗೆ ಹೋದಾಗ ಆಮಶಂಕೆಯು ಅಂಟಿಕೊಂಡಿತು. ಅಕ್ಟೋಬರ 7ರಂದು ಮರಣಶಾಸನವನ್ನು ಬರೆಯಿಸಿ, ತನ್ನದೆಂಬುದೆಲ್ಲವನ್ನೂ ಸ್ತ್ರೀಶಿಕ್ಷಣಕ್ಕೆ ಸಲ್ಲುವಂತೆ ಬೇಲೂರು ಮಠದ ವಿಶ್ವಸ್ಥರ ವಶಕ್ಕೆ ಬಿಟ್ಟಳು. 13ರಂದು ಪ್ರಾಣೋತ್ಕ್ರಮಣವಾಯಿತು. ವಯಸ್ಸು ನಾಲ್ವತ್ತನಾಲ್ಕು ಸಹ ತುಂಬಿರಲಿಲ್ಲ.

ಧರ್ಮಶಾಸ್ತ್ರಗಳಲ್ಲಿ ಯಾರು ಯಾರಿಗೆ ಎಷ್ಟು ದಿನ ಸೂತಕವೆಂಬುದಕ್ಕೆ ವಿವರವಾದ ವಿಧಿಗಳುಂಟು. ಸಾವಿರಾರು ಹರದಾರಿ ದಾಟಿ ಬಂದು, ಬಂಧುಬಳಗವಿಲ್ಲದೆ ಸತ್ತ ನೆರೆಯವಳಿಗೆ ಯಾರು ಸೂತಕ ಹಿಡಿಯಬೇಕು? ಚಿತೆಗೆ ಬೆಂಕಿಯಿಡತಕ್ಕವರು ಯಾರು? ದಾರ್ಜಿಲಿಂಗಿನಲ್ಲಿ ಈ ಪ್ರಶ್ನೆಯನ್ನು ಎತ್ತಿ ಯಾರೂ ತಡೆಯಲಿಲ್ಲ. ಹಿಂದೂ ಕ್ರಮದಂತೆ ದಹನವಾಯಿತು. ಒಬ್ಬ ಬ್ರಹ್ಮಚಾರಿಯು ಅಗ್ನಿಸ್ಪರ್ಶ ಮಾಡಿದನು. ತನ್ನ ಸರ್ವಸ್ವವನ್ನೂ ಭಾರತಕ್ಕೆ ಕೊಟ್ಟವಳು ಇಲ್ಲಿ ಮಲಗಿರುವಳೆಂಬ ಅರ್ಥದ ಬರಹವು ಅಲ್ಲಿಯ ಸಮಾಧಿಯ ಮೇಲಿದೆ.

ಆಕೆಯು ಮನೆಮನೆಯ ಬಾಗಿಲಿಗೆ ಹೋಗಿ, ಹೆಣ್ಣುಮಕ್ಕಳನ್ನು ಕಳುಹಿಸಿರೆಂದು ಬೇಡಿ ಬೆಳೆಯಿಸಿದ ಪಾಠಶಾಲೆಯು ಶಾರದಾ ಮಿಶನ್ನಿನ ಸಂನ್ಯಾಸಿನಿಯರ ಆಡಳಿತದಲ್ಲಿ ಬಾಗಬಾಜಾರದಲ್ಲಿಯೇ ನಡೆದುಬಂದಿದೆ. ಅದು ಇರುವ ಓಣಿಗೆ ಈಗ ನಿವೇದಿತಾ ಲೇನ್ ಎಂದು ಹೆಸರು.